ರೆಟ್ರೋ ಕ್ಯಾಮೆರಾಕ್ಕೆ ಕಾದು ಕೂತವರಿಗೆ ನನ್ನದೊಂದು ತಕರಾರು

ಮೊದಲೇ ಹೇಳಿಬಿಡ್ತೀನಿ, ಇದು ಕ್ಯಾಮೆರಾ ರಿವ್ಯೂ ಅಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನನಗಿಂತ ಚೆನ್ನಾಗಿಯೂ ಬರೆಯುತ್ತಾರೆ. ಇದು ಶುದ್ಧ ಜಗಳ. ಅರ್ಧ ಜಗಳ ಕ್ಯಾಮೆರಾ ಮಾಡುವ ಕಂಪನಿಗಳ ಮೇಲೆ, ಇನ್ನರ್ಧ ನನ್ನಂಥವರ ಮೇಲೆ. ಓದಿ ಬೈಯಬೇಕು ಅನ್ನಿಸಿದವರು ಧಾರಾಳವಾಗಿ ಬೈಯಬಹುದು.

ಹೋದ ಶುಕ್ರವಾರ ಸಂಜೆ ಜನಶತಾಬ್ದಿಯಲ್ಲಿ ಊರಿಗೆ ಹೋಗ್ತಾ ಇದ್ದೆ. ಬೀರೂರು ದಾಟಿತ್ತು, ತರೀಕೆರೆ ಇನ್ನೂ ಬಂದಿರಲಿಲ್ಲ. ಇಂಜಿನಿಯರಿಂಗ್‌ನಲ್ಲಿ ಜೊತೆಗಿದ್ದ ಗೆಳೆಯನ ಮೆಸೇಜು ಬಂತು. "ಇನ್ನೊಂದು ರೆಟ್ರೋ ಬಾಡಿ ಬರುತ್ತಂತೆ ಕಣೋ. ಈ ಸಲ ಲೆನ್ಸುಗಳೂ ಹಳೇ ಸ್ಟೈಲಲ್ಲೇ ಇರ್ತಾವಂತೆ. ಅಲ್ಲಿವರೆಗೂ ಏನೂ ತಗೋಬೇಡ, ಕಾಯಿ." ಕೊನೆಯ ಆ 'ಕಾಯಿ' ಅನ್ನೋ ಒಂದು ಶಬ್ದಕ್ಕೆ ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ ಭದ್ರಾವತಿ ಬರುವವರೆಗೂ ಉತ್ತರ ಕೊಡಲಿಲ್ಲ. ಪಾಪ, ಅವನದೇನೂ ತಪ್ಪಿಲ್ಲ. ಅವನಿಗೆ ಕಾಯೋದನ್ನು ಕಲಿಸಿದವನೇ ನಾನು! ಅವನಿಗೆ ಕೊಡಬೇಕಾಗಿದ್ದ ಉತ್ತರ ಉದ್ದ ಆಯ್ತು, ಅದಕ್ಕೇ ಇಲ್ಲಿ ಕುಟ್ಟುತ್ತಿದ್ದೇನೆ.

ಕ್ಯಾಮೆರಾ ಹುಚ್ಚು ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಿರರ್‌ಲೆಸ್ ಅಂದ್ರೆ ಒಳಗೆ ಕನ್ನಡಿ ಇಲ್ಲದ ಡಿಜಿಟಲ್ ಕ್ಯಾಮೆರಾ. ಹಳೇ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ನಿಮ್ಮ ಕಣ್ಣಿಗೆ ತೋರಿಸುತ್ತಿತ್ತು. ಇದರಲ್ಲಿ ಬೆಳಕು ನೇರ ಸೆನ್ಸರ್‌ಗೆ ಬೀಳುತ್ತೆ, ನೀವು ನೋಡೋದು ಒಂದು ಪುಟ್ಟ ಸ್ಕ್ರೀನನ್ನು. 'ರೆಟ್ರೋ' ಅಂದ್ರೆ ಇದೇ ಡಿಜಿಟಲ್ ಯಂತ್ರಕ್ಕೆ ಎಪ್ಪತ್ತು ಎಂಬತ್ತರ ದಶಕದ ಫಿಲ್ಮ್ ಕ್ಯಾಮೆರಾದ ರೂಪ ಕೊಡೋದು. ಮೇಲೆ ಲೋಹದ ಡಯಲ್‌ಗಳು, ಕೆತ್ತಿದ ಅಂಕಿಗಳು, ಕಪ್ಪು ಚರ್ಮದಂಥ ಹೊದಿಕೆ. 2011ರಲ್ಲಿ ಫ್ಯೂಜಿಫಿಲ್ಮ್‌ನ ಎಕ್ಸ್100 ಬಂದ ಮೇಲೆ ಈ ಹುಚ್ಚು ಜೋರಾಯ್ತು. 2024ರ ಫೆಬ್ರವರಿಯಲ್ಲಿ ಅದೇ ಸಾಲಿನ ಎಕ್ಸ್100-6 ಬಂದಾಗ ಜಗತ್ತಿನಾದ್ಯಂತ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾದರು. 2025ರಲ್ಲಿ 1972ರ ಒಲಿಂಪಸ್ ಓಎಂ-1ನ್ನು ನೆನಪಿಸುವ ಓಎಂ-3 ಬಂತು.

ನಾನು ಕಾದದ್ದು ನಿಕಾನ್‌ಗೆ. ಅದಕ್ಕೊಂದು ಕಾರಣ ಇದೆ, ಅದರ ಹೆಸರು ಎಫ್‌ಎಂ2.

ನನ್ನ ಸೋದರಮಾವನದು ಶಿವಮೊಗ್ಗದ ದುರ್ಗಿಗುಡಿ ಕಡೆ ಒಂದು ಫೋಟೋ ಸ್ಟುಡಿಯೋ ಇತ್ತು. ಈಗಿಲ್ಲ. ಮಾವನ ಹತ್ತಿರ ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಎಫ್‌ಎಂ2 ಇತ್ತು, ಜೊತೆಗೆ 50 ಎಂಎಂ ಎಫ್/1.8 ಲೆನ್ಸು. 1982ರಲ್ಲಿ ಬಂದು 2001ರವರೆಗೆ ತಯಾರಾದ ಕ್ಯಾಮೆರಾ ಅದು. ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದಷ್ಟು ಚುರುಕಾದ ಶಟರ್, ಅದೂ ಪೂರ್ತಿ ಯಾಂತ್ರಿಕ. ಬ್ಯಾಟರಿ ಬೇಕಾಗೋದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಬ್ಯಾಟರಿ ಸತ್ತರೂ ಕ್ಯಾಮೆರಾ ಸಾಯಲ್ಲ. ಮದುವೆಮನೆಯಲ್ಲಿ ಕರೆಂಟು ಹೋದಾಗ ವಿಡಿಯೋದವರು ಕೈಕಟ್ಟಿ ನಿಂತಿದ್ದರೆ ಮಾವ ಮಾತ್ರ ಧಾರೆ ಮಂಟಪದ ಸುತ್ತ ಓಡಾಡುತ್ತಿದ್ದರು ಅಂತ ಅಮ್ಮ ಈಗಲೂ ಹೇಳ್ತಾಳೆ.

ಚಿಕ್ಕವನಿದ್ದಾಗ ಬೇಸಿಗೆ ರಜಕ್ಕೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋದರೆ ನನ್ನ ಜಾಗ ಆ ಸ್ಟುಡಿಯೋದ ಮೂಲೆಯ ಸ್ಟೂಲು. ಮಾವನ ಎಡಗೈ ನೋಡೋದೇ ಒಂದು ಆಟ. ಆ ಕೈ ಲೆನ್ಸಿನ ಕೆಳಗೆ ಇರ್ತಿತ್ತು. ಕಣ್ಣು ಜನರ ಮೇಲೆ, ಬಾಯಿ "ಸ್ವಲ್ಪ ಈ ಕಡೆ ನೋಡಿ ಅಮ್ಮಾ" ಅಂತಿರೋದು, ಎಡಗೈಯ ಎರಡು ಬೆರಳು ಮಾತ್ರ ಅಪರ್ಚರ್ ರಿಂಗನ್ನು ತಿರುಗಿಸ್ತಾ ಇರೋದು. 5.6ರಿಂದ 8ಕ್ಕೆ ಒಂದು ಟಕ್, 8ರಿಂದ 11ಕ್ಕೆ ಇನ್ನೊಂದು ಟಕ್. ಅಪರ್ಚರ್ ಅಂದ್ರೆ ಲೆನ್ಸಿನ ಕಣ್ಣುಪಾಪೆ ಇದ್ದ ಹಾಗೆ. ಪಾಪೆ ದೊಡ್ಡದಾದರೆ ಬೆಳಕು ಹೆಚ್ಚು, ಹಿನ್ನೆಲೆ ಮಸುಕು. ಚಿಕ್ಕದಾದರೆ ಬೆಳಕು ಕಮ್ಮಿ, ಹಿಂದಿನ ಸಾಲಿನ ಅಜ್ಜಿಯ ಮುಖವೂ ಸ್ಪಷ್ಟ. ಮಾವ ಅಂಕಿ ನೋಡ್ತಿರಲಿಲ್ಲ, ಟಕ್ ಎಣಿಸ್ತಿದ್ದರು.

2021ರ ಜೂನ್‌ನಲ್ಲಿ ನಿಕಾನ್ ಝಡ್ ಎಫ್‌ಸಿ ಬಂದಾಗ ಅದರ ಫೋಟೋ ನೋಡಿ ನನಗೆ ಆ ಸ್ಟೂಲು ನೆನಪಾಯ್ತು. ನೋಡೋಕೆ ಥೇಟ್ ಎಫ್‌ಎಂ2. ಆದರೆ ಸಣ್ಣ ಸೆನ್ಸರ್. ಇದರ ದೊಡ್ಡಣ್ಣ, ಫುಲ್ ಫ್ರೇಮ್ ಸೆನ್ಸರ್ ಇರೋದು ಬಂದೇ ಬರುತ್ತೆ ಅಂತ ಕಾಯೋಕೆ ಶುರು ಮಾಡಿದೆ. ಮನೆಯಲ್ಲಿ ಕಾಲೇಜು ದಿನಗಳ ಹಳೇ ಡಿಎಸ್‌ಎಲ್‌ಆರ್ ಇತ್ತು, ಅದನ್ನು ಅಲ್ಮೇರಾದ ಮೇಲಿನ ತಟ್ಟಿಗೆ ಹತ್ತಿಸಿದೆ. "ಈಗ ಇದರಲ್ಲಿ ಯಾಕೆ ತೆಗೀಬೇಕು, ಹೊಸದು ಬರಲಿ" ಅನ್ನೋದು ನನ್ನ ಲೆಕ್ಕ. ಎರಡು ವರ್ಷ ಹಿಂಗೇ ಹೋಯ್ತು. ಕೊನೆಗೆ 2023ರ ಸೆಪ್ಟೆಂಬರ್ 20ರಂದು ಝಡ್ ಎಫ್ ಬಂತು.

ಕ್ಯಾಮೆರಾ ಕೆಟ್ಟದ್ದು ಅಂತ ನಾನು ಹೇಳಲ್ಲ, ಹೇಳಿದರೆ ಸುಳ್ಳಾಗುತ್ತೆ. 24.5 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್, ಕೈ ನಡುಗಿದರೂ ಸೆನ್ಸರ್ರೇ ಅಲುಗಾಡಿ ಸರಿದೂಗಿಸುವ ವ್ಯವಸ್ಥೆ, ಶಟರ್‌ಗೆ, ಐಎಸ್‌ಓಗೆ, ಎಕ್ಸ್‌ಪೋಶರ್ ಹೆಚ್ಚುಕಮ್ಮಿ ಮಾಡೋಕೆ ಬೇರೆ ಬೇರೆ ಡಯಲ್ಲು. ಬ್ಯಾಟರಿ ಕಾರ್ಡು ಸೇರಿ ಸುಮಾರು 710 ಗ್ರಾಂ. ಬಿಡುಗಡೆಯಾದಾಗ ನಮ್ಮಲ್ಲಿ ಬರೀ ಬಾಡಿಗೆ ಒಂದೂಮುಕ್ಕಾಲು ಲಕ್ಷದ ಮೇಲೆ, ಜೊತೆಗೆ 40 ಎಂಎಂ ಲೆನ್ಸು ಸೇರಿದರೆ ಹತ್ತಿರ ಹತ್ತಿರ ಎರಡು ಲಕ್ಷ. ಇಷ್ಟೆಲ್ಲ ಸರಿ ಸ್ವಾಮಿ. ನನ್ನ ತಕರಾರು ಇರೋದು ಆ ಲೆನ್ಸಿನ ಮೇಲೆ.

40 ಎಂಎಂ ಎಫ್/2 'ಎಸ್‌ಇ' ಅಂತ ಅದರ ಹೆಸರು. ಹಳೇ ನಿಕ್ಕಾರ್ ಲೆನ್ಸಿನ ಹಾಗೇ ಕಾಣಲಿ ಅಂತ ಸುತ್ತ ಗೀರುಗಳು, ಬೆಳ್ಳಿ ಬಣ್ಣದ ಪಟ್ಟಿ ಎಲ್ಲ ಇದೆ. ಅಪರ್ಚರ್ ರಿಂಗ್ ಮಾತ್ರ ಇಲ್ಲ. ಇರೋ ಒಂದೇ ರಿಂಗ್ ಫೋಕಸ್‌ಗೆ. ಬೇಕಾದರೆ ಮೆನುವಿನಲ್ಲಿ ಹೋಗಿ ಅದನ್ನು ಅಪರ್ಚರ್‌ಗೆ ಜೋಡಿಸಿಕೊಳ್ಳಬಹುದು. ಆದರೆ ಅದರ ಮೇಲೆ ಅಂಕಿ ಇಲ್ಲ, ಟಕ್ ಇಲ್ಲ, ಮೊದಲು ಕೊನೆ ಇಲ್ಲ, ಸುತ್ತಿದಷ್ಟೂ ಸುತ್ತುತ್ತೆ. ಲೆನ್ಸಿನ ಮೌಂಟ್ ಪ್ಲಾಸ್ಟಿಕ್ಕು. ಅಪರ್ಚರ್ ಎಷ್ಟಿದೆ ಅಂತ ತೋರಿಸೋಕೆ ಕ್ಯಾಮೆರಾದ ತಲೆಯ ಮೇಲೆ ಒಂದು ಪುಟಾಣಿ ಕಿಟಕಿ ಇಟ್ಟಿದ್ದಾರೆ. ಅಂದ್ರೆ ಹಳೇ ಕ್ಯಾಮೆರಾದಲ್ಲಿ ಕೈಯಲ್ಲಿದ್ದ ಅಂಕಿ ಇದರಲ್ಲಿ ಕಿಟಕಿಗೆ ಹೋಯ್ತು.

ಒಂದು ಸಲ ಆಗಿದ್ದರೆ ಏನೋ ಮರೆತರು ಅನ್ನಬಹುದಿತ್ತು. 2013ರಲ್ಲಿ ಇದೇ ನಿಕಾನ್ 'ಡಿಎಫ್' ಅಂತ ರೆಟ್ರೋ ರೂಪದ ಡಿಎಸ್‌ಎಲ್‌ಆರ್ ತಂದಿತ್ತು. ಅದಕ್ಕೂ ವಿಶೇಷವಾಗಿ ಒಂದು 50 ಎಂಎಂ 'ಎಸ್‌ಇ' ಲೆನ್ಸು, ಅದರಲ್ಲೂ ಅಪರ್ಚರ್ ರಿಂಗ್ ಇರಲಿಲ್ಲ. 2021ರ ಝಡ್ ಎಫ್‌ಸಿ ಜೊತೆ 28 ಎಂಎಂ 'ಎಸ್‌ಇ', ಅದರಲ್ಲೂ ಇಲ್ಲ. 2023ರಲ್ಲಿ ಮತ್ತೆ ಇಲ್ಲ. ಹತ್ತು ವರ್ಷದಲ್ಲಿ ಮೂರು ಸಲ ಬಾಡಿಗೆ ಹಳೇ ಅಂಗಿ ಹೊಲಿಸಿ, ಮೂರು ಸಲವೂ ಲೆನ್ಸಿಗೆ ಬರೀ ಬಣ್ಣ ಬಳಿದು ಕಳಿಸಿದರು. ಇದನ್ನು ಮರೆವು ಅನ್ನೋಕಾಗಲ್ಲ. ಜನ ಕೊಳ್ಳೋದು ಅಂಗಿ ನೋಡಿ ಅನ್ನೋ ಧೈರ್ಯ ಇದು.

"ರಿಂಗ್ ಯಾಕೆ ಬೇಕು ಮಾರಾಯಾ, ಹೆಬ್ಬೆರಳಿನ ಚಕ್ರ ತಿರುಗಿಸಿದರೆ ಕೆಲಸ ಆಗುತ್ತಲ್ಲ?" ಅಂತ ಕೇಳೋರಿದ್ದಾರೆ. ಸರಿ, ಆಗುತ್ತೆ. ಹಾಗಿದ್ದರೆ ಶಟರ್ ಡಯಲ್ ಯಾಕೆ ಬೇಕು? ಐಎಸ್‌ಓ ಡಯಲ್ ಯಾಕೆ? ಅವೂ ಚಕ್ರದಲ್ಲೇ ಆಗುತ್ತಲ್ಲ! ಡಯಲ್‌ನ ಉಪಯೋಗ ಏನು ಅಂದ್ರೆ, ಕ್ಯಾಮೆರಾ ಆಫ್ ಇದ್ದಾಗಲೂ ಅದರ ಮೇಲೆ ಕಣ್ಣಾಡಿಸಿದರೆ ಯಾವುದು ಎಲ್ಲಿದೆ ಅಂತ ಗೊತ್ತಾಗಬೇಕು. ಕತ್ತಲಲ್ಲಿ ಕೈಗೇ ಗೊತ್ತಾಗಬೇಕು. ಫೋಟೋಗೆ ಬೆಳಕು ನಿರ್ಧರಿಸೋದು ಮೂರು: ಶಟರ್, ಅಪರ್ಚರ್, ಐಎಸ್‌ಓ. ಮೂರರಲ್ಲಿ ಎರಡನ್ನು ಕೈಗೆ ಕೊಟ್ಟು ಒಂದನ್ನು ಕಿಟಕಿಗೆ ಕಳಿಸಿದರೆ ಮೂರೂ ಕಾಲು ಇರಬೇಕಾದ ಸ್ಟೂಲಿಗೆ ಎರಡೇ ಕಾಲು ಕೊಟ್ಟ ಹಾಗೆ.

"ಆಟೋಫೋಕಸ್ ಲೆನ್ಸಲ್ಲಿ ಅಪರ್ಚರ್ ಎಲೆಕ್ಟ್ರಾನಿಕ್, ಹಳೇ ರಿಂಗ್ ಕೂರಿಸೋಕೆ ಬರಲ್ಲ" ಅನ್ನೋದು ಇನ್ನೊಂದು ವಾದ. ಇದನ್ನು ನಾನು ಇಂಜಿನಿಯರ್ ಆಗಿ ಒಪ್ಪಲ್ಲ. ಫ್ಯೂಜಿಫಿಲ್ಮ್‌ನ 35 ಎಂಎಂ ಎಫ್/1.4 ಲೆನ್ಸು 2012ರಲ್ಲೇ ಬಂತು. ಅದು ಆಟೋಫೋಕಸ್ಸು, ಅದರ ಅಪರ್ಚರ್ರೂ ಎಲೆಕ್ಟ್ರಾನಿಕ್ಕು, ಆದರೂ ಅಂಕಿ ಕೆತ್ತಿದ, ಟಕ್ ಟಕ್ ಅನ್ನೋ ರಿಂಗ್ ಇದೆ. ವಿಡಿಯೋದವರಿಗೆ ಸದ್ದು ಬೇಡ ಅಂತಾದರೆ, ಸೋನಿಯ ದುಬಾರಿ ಲೆನ್ಸುಗಳಲ್ಲಿ ಟಕ್ ಬೇಕೋ ಬೇಡವೋ ಅಂತ ಆರಿಸಿಕೊಳ್ಳೋ ಸ್ವಿಚ್ಚೇ ಇದೆ. ನಿಕಾನ್‌ನ ಇದೇ ಝಡ್ ಮೌಂಟ್‌ಗೆ ಜಪಾನಿನ ಕೊಸಿನಾದವರು ವೋಯ್ಟ್‌ಲೆಂಡರ್ ಹೆಸರಲ್ಲಿ ರಿಂಗ್ ಇರುವ ಲೆನ್ಸು ಮಾಡಿ ಮಾರುತ್ತಾರೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಮಾಡೋಕೆ ಬರುತ್ತೆ, ಬೇರೆಯವರು ಮಾಡಿದ್ದಾರೆ. ಮಾಡದಿರೋದು ಆಯ್ಕೆ.

ನಮ್ಮ ಆಫೀಸಲ್ಲಿ ಸ್ಕ್ರೀನ್ ಮೇಲೆ ಒಂದು ಬಟನ್ ಇಟ್ಟು, ಅದನ್ನು ಒತ್ತಿದರೆ ಏನೂ ಆಗದ ಹಾಗೆ ಬಿಟ್ಟು ರಿಲೀಸ್ ಮಾಡಿದರೆ ಟೆಸ್ಟಿಂಗ್‌ನವರು ಅರ್ಧ ಗಂಟೆಯಲ್ಲಿ ಬಗ್ ಹಾಕ್ತಾರೆ. "ನೋಡೋಕೆ ಚೆನ್ನಾಗಿರಲಿ ಅಂತ ಇಟ್ಟಿದ್ದು" ಅಂದ್ರೆ ನಗ್ತಾರೆ. ಕ್ಯಾಮೆರಾದಲ್ಲಿ ಅದನ್ನೇ ಮಾಡಿದರೆ ನಾವು 'ಆಹಾ ಎಂಥಾ ಡಿಸೈನ್' ಅಂತೀವಿ.

ಇಷ್ಟು ಕಂಪನಿಗಳ ಪಾಲು. ಈಗ ನಮ್ಮ ಪಾಲಿಗೆ ಬರ್ತೀನಿ. ಇದನ್ನು ಬರೆಯೋದು ನನಗೆ ಕಷ್ಟ.

ನಾನು ಕಾಯ್ತಿದ್ದ ಆ 2023ರಲ್ಲಿ ನಮ್ಮ ಊರಲ್ಲಿ ಏನಾಗ್ತಿತ್ತು ಗೊತ್ತಾ? ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಹೆಸರಿಗೆ ತಕ್ಕ ಹಾಗೆ 1918ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯ್ತು. 1923ರಲ್ಲಿ ಉತ್ಪಾದನೆ. ಅದರ ಹಿಂದಿದ್ದವರು ವಿಶ್ವೇಶ್ವರಯ್ಯನವರು, ಮುಂದೆ ಕಾರ್ಖಾನೆಗೆ ಅವರದೇ ಹೆಸರು ಬಂತು, ವಿಐಎಸ್‌ಎಲ್. ಉತ್ಪಾದನೆ ಶುರುವಾಗಿ ಸರಿಯಾಗಿ ನೂರು ವರ್ಷ ತುಂಬುವ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಪೆಂಡಾಲು ಹಾಕಿ ಧರಣಿ ಕೂತರು. ಒಂದು ದಿನ ಎರಡು ದಿನ ಅಲ್ಲ, ತಿಂಗಳುಗಟ್ಟಲೆ.

ಅಪ್ಪ ಅಲ್ಲೇ ಪರ್ಮನೆಂಟ್ ನೌಕರನಾಗಿ ಇದ್ದು 2022ರಲ್ಲಿ ರಿಟೈರ್ ಆದವನು. ಧರಣಿ ಅವನದಲ್ಲ. ಆದರೂ ದಿನಾ ಸಂಜೆ ಕಾಫಿ ಕುಡಿದು ಪೆಂಡಾಲಿಗೆ ಹೋಗಿ ಒಂದು ಗಂಟೆ ಕೂತು ಬರೋನು. ಅವನ ಶಿಫ್ಟಲ್ಲಿ ಇಪ್ಪತ್ತು ವರ್ಷ ಜೊತೆಗೆ ದುಡಿದ ಗುತ್ತಿಗೆಯವರು ಅಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರನ್ನು ನಾನೂ ತಂಗಿಯೂ 'ಕ್ರೇನ್ ಮಾಮ' ಅಂತ ಕರೀತಿದ್ವಿ. ಚಿಕ್ಕವರಿದ್ದಾಗ ನಮ್ಮನ್ನು ಎರಡೂ ಕೈಲಿ ಎತ್ತಿ ಗಿರ್ರನೆ ತಿರುಗಿಸ್ತಿದ್ದರು, ಅದಕ್ಕೆ ಆ ಹೆಸರು.

ಫೆಬ್ರವರಿಯಲ್ಲೋ ಮಾರ್ಚಲ್ಲೋ ಊರಿಗೆ ಹೋದಾಗ ಅಪ್ಪ ಕೇಳಿದ. "ನಿನ್ನ ಕ್ಯಾಮೆರಾ ಇದೆಯಲ್ಲೋ, ತಗೊಂಡು ಬಾ. ನಮ್ಮ ಶಿಫ್ಟಿನವರದ್ದು ಒಂದು ಒಳ್ಳೇ ಗ್ರೂಪ್ ಫೋಟೋ ಆಗಲಿ. ನಾಳೆ ಯಾರು ಎಲ್ಲಿರ್ತಾರೋ." ನಾನು ಹೇಳಿದ್ದು ಅಕ್ಷರಶಃ ನೆನಪಿದೆ. "ಆ ಕ್ಯಾಮೆರಾ ಹಳೇದಾಯ್ತಪ್ಪ. ಹೊಸದು ಬರ್ತಿದೆ, ಅದರಲ್ಲಿ ತೆಗೀತೀನಿ ತಾಳು. ಬ್ಲ್ಯಾಕ್ ಅಂಡ್ ವೈಟಲ್ಲಿ ಸಕತ್ತಾಗಿ ಬರುತ್ತೆ."

ಅಪ್ಪ ಇನ್ನೂ ಎರಡು ಸಲ ಕೇಳಿದ. ಆಮೇಲೆ ಕೇಳೋದು ಬಿಟ್ಟ.

ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಶುರುವಾಯ್ತು, ಊರಿಗೆ ಸ್ವಲ್ಪ ಉಸಿರು ಬಂತು. ಸೆಪ್ಟೆಂಬರಲ್ಲಿ ನನ್ನ ಕ್ಯಾಮೆರಾ ಬಂತು. ಬಂತು ಅಂದ್ರೆ ಬಿಡುಗಡೆ ಆಯ್ತು. ತಗೊಂಡೆನಾ? ಇಲ್ಲ! ಆಗ ಶುರುವಾಗಿದ್ದು ಲೆನ್ಸಿನ ಚಿಂತೆ. ರಿಂಗ್ ಇಲ್ಲದ 40 ತಗೊಳ್ಳೋದಾ, ಕೈಯಲ್ಲಿ ಫೋಕಸ್ ಮಾಡೋ ವೋಯ್ಟ್‌ಲೆಂಡರ್ ತಗೊಳ್ಳೋದಾ, ಇಲ್ಲಾ ನಿಕಾನ್‌ನವರೇ ಮುಂದೆ ಸರಿಯಾದ ಲೆನ್ಸು ತಂದಾರಾ ಅಂತ ಕಾಯೋದಾ. ಇಎಂಐ ಲೆಕ್ಕಕ್ಕೆ ಒಂದು ಎಕ್ಸೆಲ್ ಶೀಟು, ಲೆನ್ಸು ಹೋಲಿಸೋಕೆ ಇನ್ನೊಂದು. ಆ ವರ್ಷದ ದೀಪಾವಳಿಗೆ ಎರಡು ವಾರ ಮುಂಚೆ ಕ್ರೇನ್ ಮಾಮ ಹೋಗಿಬಿಟ್ಟರು. ರಾತ್ರಿ ಎದೆನೋವು ಅಂದರಂತೆ, ಬೆಳಗಾಗಲಿಲ್ಲ.

ಮೂರನೇ ದಿನ ಅವರ ಮಗಳು ನಮ್ಮ ಮನೆಗೆ ಬಂದಳು. ಗೋಡೆಗೆ ಹಾಕೋಕೆ ಅಪ್ಪಾಜಿದು ಒಂದು ಫೋಟೋ ಬೇಕಿತ್ತು, ನಿಮ್ಮನೇಲಿ ಅಣ್ಣ ತುಂಬಾ ಫೋಟೋ ತೆಗೀತಾರಲ್ಲ ಅಂತ. ಅಪ್ಪ ನನ್ನ ಮುಖ ನೋಡಲಿಲ್ಲ, ಅದು ಅವನ ದೊಡ್ಡತನ. ಮೊಬೈಲಲ್ಲಿ ಹುಡುಕಿದೆವು. ಯಾರೋ ಪೆಂಡಾಲಲ್ಲಿ ತೆಗೆದು ವಾಟ್ಸಾಪಲ್ಲಿ ಕಳಿಸಿದ್ದು ಒಂದು ಸಿಕ್ತು. ಹತ್ತು ಗ್ರೂಪು ದಾಟಿ ಬಂದು ಸವೆದು ಹೋದ ಫೋಟೋ. ಅದರಲ್ಲಿ ಅವರು ಎರಡನೇ ಸಾಲಲ್ಲಿ, ಮುಂದಿನವರ ಭುಜ ಅರ್ಧ ಮುಖಕ್ಕೆ ಅಡ್ಡ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿದರು. ಆಧಾರ್ ಫೋಟೋ ಹೇಗಿರುತ್ತೆ ಅಂತ ನಿಮಗೂ ಗೊತ್ತು.

ನನ್ನ ಅಲ್ಮೇರಾದಲ್ಲಿ ಆ ಒಂಬತ್ತು ತಿಂಗಳೂ ಕೆಲಸ ಮಾಡುವ ಕ್ಯಾಮೆರಾ ಇತ್ತು. ಬ್ಯಾಟರಿ ಚಾರ್ಜ್ ಮಾಡಿದ್ದರೆ ಸಾಕಿತ್ತು.

ಇದನ್ನು ಅಳು ತರಿಸೋಕೆ ಹೇಳ್ತಿಲ್ಲ. ನನ್ನ ವಾದದ ಗಟ್ಟಿ ಭಾಗವೇ ಇದು. ನನಗೆ ಬೇಕಿದ್ದದ್ದು 1982ರ ಹಾಗೆ ಕಾಣುವ ಯಂತ್ರ. ನನ್ನ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ನಿಜವಾಗಿಯೂ ನೂರು ವರ್ಷ ಹಳೆಯ ಯಂತ್ರಗಳೂ, ಅವುಗಳ ಡಯಲ್, ಗೇಜ್, ಲಿವರ್ ಹಿಡಿದೇ ಕೈ ಒರಟಾದ ಜನರೂ ಇದ್ದರು. ಅವರನ್ನು ನೋಡದೆ ಡಯಲ್ಲಿನ ಫೋಟೋ ನೋಡ್ತಾ ಕೂತೆ. ಇದಕ್ಕಿಂತ ದೊಡ್ಡ ಮೂರ್ಖತನ ಇದೆಯಾ? ಪೇಪರ್ ಟೌನಿನ ಕಥೆಯೂ ಅದೇ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ 2015ರ ಸುಮಾರಿಗೆ ನಿಂತಾಗ ನಾನು ಇಂಜಿನಿಯರಿಂಗ್ ಸೇರುವ ಗಡಿಬಿಡಿಯಲ್ಲಿದ್ದೆ. ಓಡುತ್ತಿದ್ದ ಮಿಲ್ಲಿನದು ನನ್ನ ಹತ್ತಿರ ಒಂದೇ ಒಂದು ಫೋಟೋ ಇಲ್ಲ. ಹಳೇ ವಸ್ತು ನಮ್ಮ ಕಣ್ಣೆದುರು ನಿಲ್ಲುವಾಗ ತಿರುಗಿ ನೋಡಲ್ಲ, ಅದರ ವೇಷ ಹಾಕಿದ ಹೊಸದಕ್ಕೆ ಎರಡು ಲಕ್ಷ ಎಣಿಸೋಕೆ ರೆಡಿ.

ಕಾಯಬಾರದು ಅಂತಲ್ಲ. ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಫೋಟೋ ತೆಗೆದದ್ದು ನಿಮಗೆಲ್ಲ ಗೊತ್ತೇ ಇದೆ. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ಹಕ್ಕಿ ಫೋಟೋಗೆ ಹೋದವರನ್ನು ಕೇಳಿ, ಗಂಟೆಗಟ್ಟಲೆ ಕೂರಬೇಕು. ಹಕ್ಕಿಗೆ ಕಾದರೆ ಹಕ್ಕಿ ಬರುತ್ತೆ, ಕಾಯೋವಾಗ ನೀವು ಅದರ ಚಲನೆ, ಬೆಳಕು, ಗಾಳಿ ಎಲ್ಲ ಕಲೀತೀರಿ. ಕ್ಯಾಮೆರಾಕ್ಕೆ ಕಾದರೆ ಕಲಿಯೋದು ಅದರ ಬೆಲೆ ಮಾತ್ರ.

ಈಗ ಮಾವನ ಕಥೆಗೆ ವಾಪಸ್. ಹೋದ ವರ್ಷ ಗೆಳೆಯನೊಬ್ಬ ಅವನ ರೆಟ್ರೋ ಕ್ಯಾಮೆರಾ ತಗೊಂಡು ಶಿವಮೊಗ್ಗಕ್ಕೆ ಬಂದಿದ್ದ. ಯಾವ ಕಂಪನಿ ಅಂತ ಇಲ್ಲಿ ಬೇಡ. ಮಾವನಿಗೆ ತೋರಿಸೋಣ ಅಂತ ಇಬ್ಬರೂ ವಿನೋಬನಗರದ ಅವರ ಮನೆಗೆ ಹೋದ್ವಿ. ಮಾವನಿಗೆ ಈಗ ಎಪ್ಪತ್ತರ ಹತ್ತಿರ. ಕ್ಯಾಮೆರಾ ಕೈಗೆ ತಗೊಂಡವರೇ ಖುಷಿಯಾಗಿ ಕಣ್ಣಿಗೆ ಹಿಡಿದರು. ಬಲಗೈ ಶಟರ್ ಡಯಲ್ ಮುಟ್ಟಿತು, ಸರಿ. ಎಡಗೈ ತಾನಾಗೇ ಲೆನ್ಸಿನ ಕೆಳಗೆ ಹೋಯ್ತು. ಎರಡು ಬೆರಳು ರಿಂಗ್ ತಿರುಗಿಸಿದವು. ಟಕ್ ಇಲ್ಲ. ಇನ್ನೊಂದು ಸಲ ತಿರುಗಿಸಿದರು. ಕ್ಯಾಮೆರಾ ಕೆಳಗಿಳಿಸಿ, ಕನ್ನಡಕ ಮೇಲೆತ್ತಿ ಲೆನ್ಸನ್ನೇ ನೋಡಿದರು.

"ಇದೇನೋ ಇದು, ತಿರುಗುತ್ತೆ, ಎಲ್ಲಿಗೂ ಹೋಗಲ್ವಲ್ಲೋ?"

"ಮೆನುವಲ್ಲಿ ಸೆಟ್ ಮಾಡ್ಬೇಕು ಮಾವ" ಅಂದೆ.

"ಅಲ್ಲಾ, ಅಂಕಿ ಎಲ್ಲಿ?"

"ಅಂಕಿ ಇಲ್ಲ. ಸ್ಕ್ರೀನಲ್ಲಿ ತೋರಿಸುತ್ತೆ."

ಮಾವ ಏನೂ ಹೇಳಲಿಲ್ಲ. "ಚೆನ್ನಾಗಿದೆ ಬಿಡು" ಅಂತ ಗೆಳೆಯನಿಗೆ ವಾಪಸ್ ಕೊಟ್ಟರು. ಅವನು ಹೋದ ಮೇಲೆ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬ ತಂದರು. ಒಳಗೆ ಹತ್ತಿಬಟ್ಟೆ ಸುತ್ತಿದ ಆ 50 ಎಂಎಂ. "ಇದನ್ನಾದರೂ ಉಪಯೋಗಿಸ್ತೀಯೇನೋ ನೋಡು. ಸ್ವಲ್ಪ ಫಂಗಸ್ ಹಿಡಿದಿದೆ."

ಇಲ್ಲೇ ಮಿರರ್‌ಲೆಸ್‌ನ ನಿಜವಾದ ಗುಣ ಇರೋದು, ಜಾಹೀರಾತಿನವರು ಹೆಚ್ಚು ಹೇಳದೆ ಇರೋದು. ಹಳೇ ನಿಕಾನ್ ಕ್ಯಾಮೆರಾಗಳಲ್ಲಿ ಲೆನ್ಸ್ ಮೌಂಟಿನಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ, ಮಧ್ಯೆ ಕನ್ನಡಿ ಕೂರಬೇಕಿತ್ತಲ್ಲ. ಕನ್ನಡಿ ಹೋದ ಮೇಲೆ ಆ ದೂರ ಬೇಕಿಲ್ಲ. ನಿಕಾನ್ ಝಡ್‌ನಲ್ಲಿ ಅದು 16 ಮಿಲಿಮೀಟರ್. ಉಳಿದ 30.5 ಮಿಲಿಮೀಟರ್ ಜಾಗಕ್ಕೆ ಒಂದು ಟೊಳ್ಳು ಲೋಹದ ಕೊಳವೆ ಇಟ್ಟರೆ ಹಳೇ ಲೆನ್ಸು ಹೊಸ ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತೆ. ಅದರಲ್ಲಿ ಗಾಜಿಲ್ಲ, ವೈರಿಲ್ಲ. ಅಡಾಪ್ಟರ್ ಅಂತ ಹೆಸರು, ಒಂದೆರಡು ಸಾವಿರದೊಳಗೆ ಸಿಗುತ್ತೆ. ಬೇರೆ ಕಂಪನಿಗಳ ಮಿರರ್‌ಲೆಸ್‌ಗೂ ಇದೇ ತತ್ವ, ಕೊಳವೆಯ ಉದ್ದ ಮಾತ್ರ ಬೇರೆ. ಫೋಕಸ್ ಕೈಯಲ್ಲೇ ಮಾಡಬೇಕು, ಸ್ಕ್ರೀನಲ್ಲಿ ಸ್ಪಷ್ಟ ಇರುವ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ ಇರೋದರಿಂದ ಅದು ಅಷ್ಟೇನೂ ಕಷ್ಟ ಅಲ್ಲ.

ನಾನು ಒಂದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಬಾಡಿ ತಗೊಂಡೆ. ರೆಟ್ರೋ ಅಲ್ಲ, ನೋಡೋಕೆ ಸೋಪಿನ ಡಬ್ಬ. ಸಣ್ಣ ಸೆನ್ಸರ್, ಹಾಗಾಗಿ ಮಾವನ 50 ಅದರಲ್ಲಿ 75ರ ಹಾಗೆ ಕೆಲಸ ಮಾಡುತ್ತೆ. ಲೆನ್ಸ್ ಕ್ಲೀನ್ ಮಾಡಿಸಿದೆ. ಒಂದು ಮೂಲೆಯಲ್ಲಿ ಜೇಡನ ಬಲೆಯಂಥ ಗೆರೆ ಉಳಿದಿದೆ, ಎದುರು ಬೆಳಕಿದ್ದರೆ ಸ್ವಲ್ಪ ಮಬ್ಬು ಬರುತ್ತೆ. ಇರಲಿ. 5.6ರಿಂದ 8ಕ್ಕೆ ಒಂದು ಟಕ್ ಇದೆ.

ಮೊದಲ ಫೋಟೋ ಎಲ್ಲಿ ತೆಗೆದೆ ಅಂತ ನೀವು ಊಹಿಸಿರ್ತೀರಿ. ಅಪ್ಪನ ಶಿಫ್ಟಿನ ಹನ್ನೊಂದು ಜನ, ಗೇಟಿನ ಎದುರಿನ ರಸ್ತೆಯ ಮರದ ಕೆಳಗೆ, ಭಾನುವಾರ ಬೆಳಗ್ಗೆ. ಹಿಂದಿನ ಸಾಲೂ ಸ್ಪಷ್ಟ ಬರಲಿ ಅಂತ ಎಫ್ 8. ಫ್ರೇಮ್ ಹಾಕಿಸಿ ಎಲ್ಲರ ಮನೆಗೂ ಕೊಟ್ಟೆ. ಹನ್ನೆರಡಾಗಬೇಕಿತ್ತು.

ಅದಕ್ಕೇ ನನ್ನ ತಕರಾರು ಇಷ್ಟು.

ಕಂಪನಿಯವರೇ, ಡಯಲ್ ಕೊಡ್ತೀರಾ, ಪೂರ್ತಿ ಕೊಡಿ. ಬಾಡಿಯ ಮೇಲೆ ಅಂಕಿ ಕೆತ್ತಿ ಲೆನ್ಸಿಗೆ ಬರೀ ಗೀರು ಹಾಕಿ ಕಳಿಸಬೇಡಿ. ರಿಂಗ್ ಬೇಡ ಅನ್ನೋದಾದರೆ ಹಳೇ ವೇಷವೂ ಬೇಡ, ಸೋಪಿನ ಡಬ್ಬವೇ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೊಳ್ಳುವ ಶಕ್ತಿ ಇರುವವರೇ, ನೀವು ತಗೊಳ್ಳಿ, ನನ್ನ ಆಕ್ಷೇಪ ಇಲ್ಲ. ಆದರೆ ರಿಂಗ್ ಇಲ್ಲದ 'ಹಳೇ ಸ್ಟೈಲ್' ಲೆನ್ಸಿಗೆ ಮಾತ್ರ ದುಡ್ಡು ಕೊಡಬೇಡಿ. ಬಾಡಿ ತಗೊಂಡು ಅದಕ್ಕೆ ನಿಮ್ಮ ಮನೆಯ, ಮಾವನ ಮನೆಯ, ಮುಚ್ಚಿದ ಯಾವುದೋ ಸ್ಟುಡಿಯೋದ ನಿಜವಾದ ಹಳೇ ಲೆನ್ಸು ಹಾಕಿ. ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಇನ್ನೊಂದು ಮಾತು. ಲೆನ್ಸನ್ನು ಅದರ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಮುಚ್ಚಿಡಬೇಡಿ. ಚರ್ಮ ತೇವ ಹೀರಿಕೊಳ್ಳುತ್ತೆ, ಒಂದು ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತೆ. ಬಿಗಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಒಳ್ಳೇದು ಹೊರಗೆ ತೆಗೆದು ಉಪಯೋಗಿಸೋದು. ದಿನಾ ಬೆಳಕು ಗಾಳಿ ಕಾಣುವ ಲೆನ್ಸಿಗೆ ಫಂಗಸ್ ಅಷ್ಟು ಬೇಗ ಹಿಡಿಯಲ್ಲ.

ಕಾದು ಕೂತಿರುವ ನನ್ನ ಗೆಳೆಯನೇ, ನಿನ್ನ ಮೆಸೇಜಿಗೆ ಉತ್ತರ ಇದೇ. ಹೊಸದು ಬರಲಿ, ಬಂದಾಗ ನೋಡೋಣ. ಈ ಭಾನುವಾರ ನಿನ್ನ ಹಳೇ ಕ್ಯಾಮೆರಾ ಚಾರ್ಜ್ ಮಾಡಿಕೊಂಡು ಬಾ. ಗಾಂಧಿ ಬಜಾರಿನಲ್ಲಿ ನಿಮ್ಮ ತಾತನ ಅಂಗಡಿ ಇನ್ನೂ ಇದೆಯಲ್ಲ, ಅಲ್ಲಿಂದ ಶುರು ಮಾಡೋಣ. ತಾತನಿಗೆ ಫೋನ್ ಮಾಡಿ ಬಿಳಿ ಅಂಗಿ ಹಾಕ್ಕೊಂಡಿರೋಕೆ ಹೇಳು. ಲೆನ್ಸು ನಾನು ತರ್ತೀನಿ.